ಶಿಷ್ಯವಾಚಕ ಮತ್ತು ಭೃತ್ಯವಾಚಕ ಪದಗಳು

‘ಗುರು–ಶಿಷ್ಯ’, ‘ಒಡೆಯ–ಆಳು’ ಎಂಬ ಜೋಡಿಗಳನ್ನು ವಿರುದ್ಧಪದಗಳ ಒಂದೇ ಪಟ್ಟಿಯಲ್ಲಿ ಸೇರಿಸಿ ಪಾಠ ಹೇಳುವ ರೂಢಿಯುಂಟು. ಎರಡರಲ್ಲಿಯೂ ಮೇಲು-ಕೆಳಗೆಂಬ ಭಾವ ತೋರುವುದರಿಂದ ಈ ರೂಢಿ ಸಹಜವೇ. ಆದರೆ ಪದಗಳ ನಿಷ್ಪತ್ತಿಯನ್ನೂ ಶಾಸನಪ್ರಯೋಗವನ್ನೂ ಪರಿಶೀಲಿಸಿದರೆ ಇವು ಸಜಾತೀಯವಾದ ಜೋಡಿಗಳಲ್ಲವೆಂಬುದು ವಿಶದವಾಗುತ್ತದೆ.

ಹಳಗನ್ನಡದಲ್ಲಿ ನಾಮಪದವಾದ ‘ಆಳ್’ ಎಂಬುದಕ್ಕೆ ಸೇವಕ, ಭಟ ಎಂದರ್ಥ. ಧಾತುವಾದ ‘ಆಳ್’ ಎಂಬುದಕ್ಕೆ ಪ್ರಭುತ್ವ ನಡೆಸು ಎಂದರ್ಥ. ಇದರಿಂದ ಹುಟ್ಟಿದ ‘ಆಳ್ದಂ’ ಎಂಬವನು ಒಡೆಯ. ಸೇವಕನೂ ಸ್ವಾಮಿಯೂ ಒಂದೇ ಬೇರಿನಿಂದ ಬಂದರೆಂದು ಹೇಳಲು ಮನಸ್ಸಾಗುವುದು. ಆದರೆ ಆಳುವ ಅರ್ಥದಲ್ಲಿ ತೆಲುಗಿನಲ್ಲಿರುವ ರೂಪ ‘ಏಲು’. ಬರೋ ಮತ್ತು ಎಮೆನೋ ಅವರು ತಮ್ಮ ದ್ರಾವಿಡ ನಿಷ್ಪತ್ತಿ ನಿಘಂಟುವಿನಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದಾರೆ. ಕನ್ನಡದಲ್ಲಿ ಧ್ವನಿಯೊಂದಾದರೂ ಮೂಲವೊಂದಲ್ಲ. ಆಳು ಆಳ್ದನಾಗುವ ದಾರಿ ಪದದಲ್ಲಿಲ್ಲ.

ಶಿಷ್ಯವಾಚಕಗಳ ಸ್ವಭಾವ ಬೇರೆ. ‘ಶಿಷ್ಯ’ನೆಂದರೆ ಶಾಸನಕ್ಕೆ, ಅಂದರೆ ಉಪದೇಶಕ್ಕೆ, ಅರ್ಹನಾದವನು. ‘ಛಾತ್ರ’ ಶಬ್ದವು ಕನ್ನಡದಲ್ಲಿ ‘ಚಟ್ಟ’ವಾಗಿದೆ. ಛತ್ರವೆಂದರೆ ಕೊಡೆ. ಗುರುವು ಶಿಷ್ಯನನ್ನು ಕೊಡೆಯಂತೆ ಮರೆಮಾಡಿ ಕಾಯಬೇಕು, ಶಿಷ್ಯನೂ ಗುರುವನ್ನು ಹಾಗೆಯೇ ಪಾಲಿಸಬೇಕು ಎಂಬುದು ಪತಂಜಲಿಯ ವಿವರಣೆ. ಇಲ್ಲಿರುವುದು ಪರಸ್ಪರತೆಯೇ ಹೊರತು ವಿರೋಧವಲ್ಲ.

ಶ್ರವಣಬೆಳಗೊಳದ ಶಾಸನಗಳಲ್ಲಿ ಜೈನಗುರುಗಳ ಗೃಹಸ್ಥಶಿಷ್ಯನಿಗೆ ‘ಗುಡ್ಡ’, ಶಿಷ್ಯೆಗೆ ‘ಗುಡ್ಡಿ’ ಎಂಬ ಹೆಸರುಂಟು. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಶುಭಚಂದ್ರ ಸಿದ್ಧಾಂತದೇವರ ಗುಡ್ಡ. ಸೈನ್ಯಕ್ಕೆ ನಾಯಕ, ಅರಸನಿಗೆ ಭೃತ್ಯ, ಗುರುವಿಗೆ ಶಿಷ್ಯ: ಮೂರೂ ಒಬ್ಬನಲ್ಲಿಯೇ ನಿಂತಿವೆ. ಗುಡ್ಡನೆನ್ನಿಸಿಕೊಂಡುದರಿಂದ ಅವನ ಪದವಿಗೆ ಊನ ಬರಲಿಲ್ಲ.

ಶಿಲ್ಪಿಗಳಲ್ಲಿಯೂ ಇದೇ ನ್ಯಾಯ ಕಾಣುವುದು. ‘ಉಪಾಧ್ಯಾಯ’ದ ತದ್ಭವವಾದ ‘ಓಜ’ವು ಅವರ ಹೆಸರುಗಳ ಕೊನೆಯಲ್ಲಿ ನೆಲೆಸಿತು. ಬಳ್ಳಿಗಾವೆಯ ದಾಸೋಜನು ಬೇಲೂರಿನಲ್ಲಿ ಕೆಲಸ ಮಾಡಿದನು. ಅಲ್ಲಿಯೇ ದುಡಿದ ಚಾವಣನು ಅವನ ಮಗ. ವಿದ್ಯೆ ಮನೆಯಲ್ಲಿಯೇ ಇಳಿದುಬಂದಲ್ಲಿ ಶಿಷ್ಯನೆಂಬ ಬೇರೆ ಬಿರುದು ಬೇಕಾಗಲಿಲ್ಲ. ಸಖರಾಯಪಟ್ಟಣದಿಂದ ಉತ್ತರಕ್ಕೆ, ತರೀಕೆರೆ ಸೀಮೆಯ ಅಮೃತಾಪುರದಲ್ಲಿ ೧೧೯೬ರ ಅಮೃತೇಶ್ವರ ದೇವಾಲಯವಿದೆ. ರೂವಾರಿ ಮಲ್ಲಿತಮ್ಮನ ವೃತ್ತಿಜೀವನ ಆರಂಭವಾದುದು ಇಲ್ಲಿಯೇ ಎಂದು ಎಣಿಸಲಾಗಿದೆ. ಮುಂದೆ ಸೋಮನಾಥಪುರದಲ್ಲಿ ಕಾಣುವ ಆ ಖ್ಯಾತನಾಮ ಇಲ್ಲಿಯೂ ಕಾಣುವುದು ಬರಿಯ ಹೆಸರಾಗಿಯೇ. ಕಲಿಯುವವನೆಂಬ ಗುರುತಾಗಲಿ ಕಲಿತವನೆಂಬ ಗುರುತಾಗಲಿ ಅದಕ್ಕಿಲ್ಲ.

ಆದರೂ ವ್ಯವಹಾರದಲ್ಲಿ ಈ ಎರಡು ವರ್ಗಗಳು ಬೆರೆತುದುಂಟು. ‘ಮಾಣವ’ದಿಂದ ಬಂದ ‘ಮಾಣಿ’ ಮೊದಲು ವೇದಾಧ್ಯಯನದ ವಟು. ಕರಾವಳಿ ಮಲೆನಾಡುಗಳಲ್ಲಿ ಹುಡುಗನೆಂದಾಗಿ, ಕಡೆಗೆ ಹೋಟೆಲಿನಲ್ಲಿ ತಿಂಡಿ ತಂದಿಡುವವನೂ ಆದನು. ಕಲಿಯುವವನ ಹೆಸರು ದುಡಿಯುವವನ ಪಾಲಾಯಿತು.

ಆದುದರಿಂದ ಆಳೆಂಬುದು ಒಬ್ಬನ ಅಧೀನತೆಯನ್ನು ಹೇಳುವ ಪದ. ಶಿಷ್ಯನೆಂಬುದು ಮುಗಿಯಬೇಕಾದ ಒಂದು ಅವಸ್ಥೆಯನ್ನು ಹೇಳುವ ಪದ. ಇಂದಿನ ಚಟ್ಟನೇ ನಾಳಿನ ಓಜ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯಿಸುವ ಉಪಾಧ್ಯಾಯನು ತನ್ನ ಎದುರಿನ ವಿದ್ಯಾರ್ಥಿಗೆ, ತಿಳಿಯದೆಯೇ, ಆಳಿನ ಸ್ಥಾನವನ್ನು ಕಲಿಸಿದಂತಾಗುವುದು.