ಸೊಪ್ಪಿನ ಸಾರು, ಇಲಿ ಪಾಷಾಣ ಮತ್ತು ಒಂದು ಪುಟ್ಟ ಕಿಣ್ವ

ವಿಟಮಿನ್ ಎ ಎಂದರೆ ಕಣ್ಣು, ಸಿ ಎಂದರೆ ನಿಂಬೆಹಣ್ಣು, ಡಿ ಎಂದರೆ ಬಿಸಿಲು. ಇಷ್ಟು ಎಲ್ಲರಿಗೂ ಬಾಯಿಪಾಠ. ಕೆ ಎಂದ ಕೂಡಲೇ ಮುಖ ಮುಖ ನೋಡುತ್ತೇವೆ. ನಮ್ಮ ಮನೆಯಲ್ಲಿ ಮಾತ್ರ ಈಗ ಆರು ವರ್ಷಗಳಿಂದ ಅದರದ್ದೇ ಮಾತು. ಅಪ್ಪನ ಹೃದಯದ ಮೈಟ್ರಲ್ ಕವಾಟ ಹಾಳಾಗಿ ಅದರ ಜಾಗಕ್ಕೆ ಲೋಹದ ಕವಾಟ ಬಂದಿದೆ. ಲೋಹ ಕಂಡರೆ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಆ ಹೆಪ್ಪು ಕವಾಟಕ್ಕೆ ಸಿಕ್ಕಿಕೊಳ್ಳಬಹುದು, ಮೆದುಳಿಗೂ ಹೋಗಬಹುದು. ಅದಕ್ಕಾಗಿ ದಿನವೂ ಸಂಜೆ ಒಂದು ಚಿಕ್ಕ ಮಾತ್ರೆ, ಆಗಾಗ ಐಎನ್‌ಆರ್ ಎಂಬ ರಕ್ತಪರೀಕ್ಷೆ. ಆರೋಗ್ಯವಂತರಲ್ಲಿ ಅದು 1ರ ಆಸುಪಾಸು ಇರುತ್ತದೆ, ಅಪ್ಪನಿಗೆ 2.5ರಿಂದ 3.5ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪಿನ ಭಯ, ಹೆಚ್ಚಾದರೆ ರಕ್ತಸ್ರಾವದ ಭಯ.

ಈ ಮಾತ್ರೆ ಹೋಗಿ ಕೂರುವುದು ಎಲ್ಲಿ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ಪುಟ್ಟ ಕಿಣ್ವ. ಹೆಸರು ವಿಕೆಓಆರ್. ಬರೀ 163 ಅಮೈನೋ ಆಮ್ಲಗಳ ಸರಪಳಿ. ನಾನು ಕಂಪ್ಯೂಟರ್ ಓದಿದವನು, ಜೀವರಸಾಯನ ನನ್ನ ಕಸುಬಲ್ಲ. ಆದರೂ ಇಷ್ಟು ಚೊಕ್ಕವಾದ ವ್ಯವಸ್ಥೆಯನ್ನು ನಮ್ಮ ಆಫೀಸಿನಲ್ಲಂತೂ ನಾನು ನೋಡಿಲ್ಲ.

ಕಥೆ ಶುರುವಾಗುವುದು ಡೆನ್ಮಾರ್ಕಿನ ಕೋಳಿಮರಿಗಳಿಂದ. 1929ರ ಹೊತ್ತಿಗೆ ಕೋಪನ್‌ಹೇಗನ್‌ನಲ್ಲಿ ಹೆನ್ರಿಕ್ ಡಾಮ್ ಎಂಬ ವಿಜ್ಞಾನಿ ಮರಿಗಳಿಗೆ ಕೊಬ್ಬಿಲ್ಲದ ಆಹಾರ ಹಾಕಿ ನೋಡುತ್ತಿದ್ದರು. ಮರಿಗಳ ಚರ್ಮದಡಿ ರಕ್ತ ಒಸರತೊಡಗಿತು, ತೆಗೆದ ರಕ್ತ ಹೆಪ್ಪುಗಟ್ಟಲು ತಡವಾಗುತ್ತಿತ್ತು. ಆಹಾರದಲ್ಲಿ ಕಾಣೆಯಾಗಿದ್ದ ವಸ್ತುವಿಗೆ 1935ರಲ್ಲಿ ಅವರು 'ಕೆ' ಎಂದು ಹೆಸರಿಟ್ಟರು. ಹೆಪ್ಪುಗಟ್ಟುವಿಕೆಗೆ ಅವರ ಭಾಷೆಯಲ್ಲಿರುವ 'ಕೊಆಗುಲೇಷನ್' ಎಂಬ ಪದದ ಮೊದಲಕ್ಷರ ಅದು. ಅದರ ರಾಸಾಯನಿಕ ರಚನೆ ಬಿಡಿಸಿದ ಎಡ್ವರ್ಡ್ ಡಾಯ್ಸಿ ಮತ್ತು ಡಾಮ್ ಇಬ್ಬರಿಗೂ 1943ರ ನೊಬೆಲ್ ಬಂತು. ಆದರೆ ಅದು ದೇಹದೊಳಗೆ ಮಾಡುವುದೇನು ಎಂದು ತಿಳಿಯಲು ಮತ್ತೆ ಮೂವತ್ತು ವರ್ಷ ಹಿಡಿಯಿತು. 1974ರಲ್ಲಷ್ಟೇ ಗುಟ್ಟು ಬಿಟ್ಟಿತು.

ನಮ್ಮ ಯಕೃತ್ತು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ತಯಾರಿಸಿ ಹೊರಗೆ ಕಳಿಸುತ್ತದೆ. ಪ್ರೋಥ್ರಾಂಬಿನ್ ಅವುಗಳಲ್ಲಿ ಒಂದು. ಗಾಯವಾದ ಜಾಗಕ್ಕೆ ಇವು ಅಂಟಿಕೊಳ್ಳಬೇಕಾದರೆ ಕ್ಯಾಲ್ಸಿಯಂ ಹಿಡಿಯುವ ಕೊಕ್ಕೆಗಳು ಬೇಕು. ಪ್ರೋಥ್ರಾಂಬಿನ್‌ನ ಒಂದು ತುದಿಯಲ್ಲಿರುವ ಹತ್ತು ಗ್ಲುಟಮಿಕ್ ಆಮ್ಲಗಳಿಗೆ ಒಂದೊಂದು ಇಂಗಾಲದ ಡೈಆಕ್ಸೈಡ್ ಸೇರಿಸಿದರೆ ಕೊಕ್ಕೆ ಸಿದ್ಧ. ಈ ಕೆಲಸ ಮಾಡುವ ಕಿಣ್ವ ಕಾರ್ಬಾಕ್ಸಿಲೇಸ್. ಅದಕ್ಕೆ ಬೇಕಾದ ಶಕ್ತಿ ಕೊಡುವುದು ವಿಟಮಿನ್ ಕೆ. ಒಂದು ಕೊಕ್ಕೆ ಹಾಕಿದೊಡನೆ ಆ ಕೆ ಅಣು ಆಮ್ಲಜನಕ ಹೊತ್ತುಕೊಂಡು ಎಪಾಕ್ಸೈಡ್ ಆಗಿಬಿಡುತ್ತದೆ, ಚಾರ್ಜ್ ಮುಗಿದ ಬ್ಯಾಟರಿಯ ಹಾಗೆ.

ದಿನಕ್ಕೆ ನಮಗೆ ಊಟದಿಂದ ಸಿಗುವ ವಿಟಮಿನ್ ಕೆ ಅತ್ಯಲ್ಪ. ಗಂಡಸರಿಗೆ 120 ಮೈಕ್ರೋಗ್ರಾಮ್ ಸಾಕು ಎಂದು ಅಮೆರಿಕದ ಲೆಕ್ಕ. ಅಂದರೆ ಗ್ರಾಮಿನ ಎಂಟು ಸಾವಿರದಲ್ಲಿ ಒಂದು ಪಾಲು. ಒಂದು ಸಲ ಬಳಸಿ ಬಿಸಾಡಿದರೆ ಎಲ್ಲಿಗೂ ಸಾಲದು. ಬ್ಯಾಟರಿಯನ್ನು ಮತ್ತೆ ಮತ್ತೆ ಚಾರ್ಜ್ ಮಾಡಲೇಬೇಕು. ಆ ಚಾರ್ಜರ್ರೇ ವಿಕೆಓಆರ್.

ವಿಟಮಿನ್ ಕೆ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಹಾಗಾಗಿ ಅದು ಜೀವಕೋಶದೊಳಗಿನ ಕೊಬ್ಬಿನ ಪೊರೆಯಲ್ಲೇ ಓಡಾಡಿಕೊಂಡಿರುತ್ತದೆ. ವಿಕೆಓಆರ್ ಕೂಡ ಅದೇ ಪೊರೆಯಲ್ಲಿ ಹೂತುಕೊಂಡು ಕೂತಿದೆ. ಅದರ ನಾಲ್ಕು ಸುರುಳಿಗಳು ಪೊರೆಯನ್ನು ಅಡ್ಡ ಹಾಯ್ದು ನಡುವೆ ಒಂದು ಗೂಡು ಮಾಡಿಕೊಂಡಿವೆ, ಮೇಲೊಂದು ಮುಚ್ಚಳ. ಗೂಡಿನೊಳಗೆ 132 ಮತ್ತು 135ನೇ ಸ್ಥಾನಗಳಲ್ಲಿ ಗಂಧಕವಿರುವ ಎರಡು ಸಿಸ್ಟೀನ್‌ಗಳಿವೆ. ಕೆ ಅಣುವಿಗೆ ಎಲೆಕ್ಟ್ರಾನು ಕೊಟ್ಟು ಆಮ್ಲಜನಕ ಕಳಚುವುದು ಈ ಜೋಡಿ. ಹಾಗೆ ಕೊಟ್ಟು ಖಾಲಿಯಾದ ಜೋಡಿಗೆ 43 ಮತ್ತು 51ನೇ ಸ್ಥಾನದ ಇನ್ನೊಂದು ಜೋಡಿ ಹೊರಗಿನಿಂದ ಎಲೆಕ್ಟ್ರಾನು ತಂದು ಕೊಡುತ್ತದೆ. ಹಳ್ಳಿಯಲ್ಲಿ ಬೆಂಕಿ ಬಿದ್ದಾಗ ಕೊಡ ಕೈಯಿಂದ ಕೈಗೆ ದಾಟುತ್ತದಲ್ಲ, ಹಾಗೆ.

ಇದರ ಜೀನ್ ಪತ್ತೆಯಾದದ್ದು 2004ರಲ್ಲಿ, ಎರಡು ತಂಡಗಳಿಂದ ಒಟ್ಟೊಟ್ಟಿಗೆ. ಮನುಷ್ಯನ ವಿಕೆಓಆರ್‌ನ ಅಣುಚಿತ್ರ ಸಿಗಲು 2020ರವರೆಗೆ ಕಾಯಬೇಕಾಯಿತು. ಪೊರೆಯಿಂದ ಹೊರತೆಗೆದರೆ ಕುಸಿದುಬೀಳುವ ಈ ಕಿಣ್ವವನ್ನು ಹರಳಾಗಿಸುವುದು ಸುಲಭವಿರಲಿಲ್ಲ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೈಕೈ ಲಿ ಅವರ ತಂಡ ಅದರ ಎರಡೂ ತುದಿಗಳನ್ನು ಹಸಿರಾಗಿ ಹೊಳೆಯುವ ಇನ್ನೊಂದು ಪ್ರೋಟೀನಿಗೆ ಕಟ್ಟಿಹಾಕಿ ಬಿಗಿ ಹಿಡಿಯಿತು. ಆ ಪ್ರೋಟೀನಿನ ಮೂಲ ಅಂಬಲಿಮೀನು! ಚಿತ್ರದಲ್ಲಿ ಕಂಡದ್ದೇನೆಂದರೆ, ವಿಟಮಿನ್ ಕೆ ಕೂರಬೇಕಾದ ಗೂಡಿನಲ್ಲೇ ವಾರ್ಫರಿನ್ ಬಂದು ಕೂತಿದೆ. ಅಪ್ಪನ ಮಾತ್ರೆ ಅಸೆನೊಕೌಮರಾಲ್. ವಾರ್ಫರಿನ್‌ನ ದಾಯಾದಿ, ತಡೆಯುವುದು ಇದೇ ಕಿಣ್ವವನ್ನು.

ವಾರ್ಫರಿನ್ ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ ಎನ್ನಬಹುದು. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಬಯಲುಗಳಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಹುಲ್ಲು ತಿಂದ ದನಗಳು ರಕ್ತ ಸುರಿದು ಸಾಯುತ್ತಿದ್ದವು. 1933ರ ಫೆಬ್ರವರಿಯ ಹಿಮಗಾಳಿಯಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ ಸತ್ತ ಹಸು, ಆ ಹುಲ್ಲು, ಜೊತೆಗೆ ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ ಹೇರಿಕೊಂಡು ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಬಂದ. ಕಾರಣವಾದ ವಸ್ತು ಕೈಗೆ ಸಿಕ್ಕಿದ್ದು 1939ರಲ್ಲಿ. ಅದರ ಒಂದು ರೂಪಾಂತರವೇ ವಾರ್ಫರಿನ್. 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂದು 1954ರಲ್ಲಿ ಮನುಷ್ಯರ ಔಷಧಿಯಾಯಿತು. ಇದನ್ನು ಅಪ್ಪನಿಗೆ ಹೇಳಿದಾಗ, "ಇಲಿಗ್ ಇಕ್ಕೋದ್ನೇ ನಂಗೂ ಇಕ್ತಾವ್ರೆ ಅನ್ನು" ಎಂದು ನಕ್ಕರು.

ನಗು ಬಾರದ ಸಂಗತಿ ಇನ್ನೊಂದಿದೆ. ಮಂಡ್ಯ ಕಡೆಯ ನಮ್ಮೂರಿನಲ್ಲಿ ಅಪ್ಪನ ಊಟವೆಂದರೆ ಮುದ್ದೆ ಮತ್ತು ಸೊಪ್ಪು. ದಂಟಿನ ಸೊಪ್ಪಿನ ಬಸ್ಸಾರು, ಬೆರಕೆ ಸೊಪ್ಪಿನ ಮಸ್ಸೊಪ್ಪು, ನುಗ್ಗೆ ಸೊಪ್ಪಿನ ಉಪ್ಸಾರು. ವಿಟಮಿನ್ ಕೆ ಇರುವುದೇ ಹಸಿರೆಲೆಯಲ್ಲಿ. ಊರಿನ ಡಾಕ್ಟರು ಮಾತ್ರೆಯ ಪ್ರಮಾಣ ಹೊಂದಿಸಿದ್ದು ಈ ಊಟದ ಮೇಲೆಯೇ. ಕಳೆದ ವರ್ಷ ಅವರು ಪುಣೆಗೆ ಬಂದು ನಮ್ಮ ಫ್ಲಾಟಿನಲ್ಲಿ ಎರಡು ತಿಂಗಳಿದ್ದರು. ಇಲ್ಲಿ ಚಪಾತಿ, ಬೇಳೆ, ಆಲೂಗಡ್ಡೆ. ಮಾತ್ರೆ ಅದೇ, ಸೊಪ್ಪು ಮಾತ್ರ ಕಡಿಮೆಯಾಯಿತು. ಮೂರನೇ ವಾರ ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ನಿಲ್ಲಲಿಲ್ಲ. ಐಎನ್‌ಆರ್ 4.8.

ಸೊಪ್ಪನ್ನೇ ಪೂರ್ತಿ ಬಿಡಿಸಿ ಎಂದು ಅಕ್ಕಪಕ್ಕದವರ ಸಲಹೆ. "ಸೊಪ್ಪು ಬಿಟ್ಮೇಲೆ ಮುದ್ದೆ ಯಾತರಲ್ಲಿ ನುಂಗ್ಲಾ?" ಎಂದು ಅಪ್ಪನ ಪ್ರಶ್ನೆ. ಇಲ್ಲಿನ ಡಾಕ್ಟರು ಮಾತ್ರೆ ಕಡಿಮೆ ಮಾಡಿ, ಹೇಳಿದ್ದು ಬೇರೆಯೇ: ಸೊಪ್ಪು ತಿನ್ನಲಿ, ಆದರೆ ವಾರದಿಂದ ವಾರಕ್ಕೆ ಅಳತೆ ಹೆಚ್ಚುಕಮ್ಮಿ ಒಂದೇ ಇರಲಿ. ಊರು ಬದಲಾದರೆ ವಾರದೊಳಗೆ ರಕ್ತ ಪರೀಕ್ಷಿಸಿ. ಯಾವುದೇ ಆ್ಯಂಟಿಬಯಾಟಿಕ್ ಅಥವಾ ನೋವಿನ ಮಾತ್ರೆ ಸೇರಿಸುವ ಮುನ್ನ ಕೇಳಿ. ನಾವಾಗಿಯೇ ಮಾತ್ರೆ ಏರಿಸಿ ಇಳಿಸುವಂತಿಲ್ಲ. ಅದಕ್ಕೂ ಕಾರಣವಿದೆ: ಕಿಣ್ವವನ್ನು ಇಂದು ತಡೆದರೂ ಕೊಕ್ಕೆ ಹಾಕಿ ಆಗಲೇ ಕಳಿಸಿದ ಪ್ರೋಟೀನುಗಳು ರಕ್ತದಲ್ಲಿ ಉಳಿದಿರುತ್ತವೆ. ಪ್ರೋಥ್ರಾಂಬಿನ್ ಅರ್ಧಕ್ಕಿಳಿಯಲು ಎರಡೂವರೆ ದಿನ ಬೇಕು. ಇಂದಿನ ಮಾತ್ರೆಯ ಪೂರ್ತಿ ಫಲ ನಾಳೆಯ ವರದಿಯಲ್ಲಿ ಕಾಣುವುದಿಲ್ಲ. ಈಗ ಹೊಸ ರಕ್ತ ತಿಳಿಮಾಡುವ ಮಾತ್ರೆಗಳು ಬಂದಿವೆಯಲ್ಲ ಎಂದು ನೀವು ಕೇಳಬಹುದು. ಲೋಹದ ಕವಾಟ ಇರುವವರಿಗೆ ಅವು ಆಗಿಬರುವುದಿಲ್ಲ.

ಸೊಪ್ಪು ಒಂದೇ ಅಲ್ಲ, ಹುಟ್ಟೂ ಲೆಕ್ಕಕ್ಕೆ ಬರುತ್ತದೆ. ವಿಕೆಓಆರ್ ಜೀನಿನ ಮುಂಭಾಗದಲ್ಲಿ ಒಂದಕ್ಷರ ಬದಲಾಗಿರುವವರಲ್ಲಿ ಈ ಕಿಣ್ವ ಕಡಿಮೆ ತಯಾರಾಗುತ್ತದೆ, ಅವರಿಗೆ ಚಿಕ್ಕ ಪ್ರಮಾಣವೇ ಸಾಕು. ಚೀನಾ, ಜಪಾನಿನಲ್ಲಿ ಹೆಚ್ಚಿನವರು ಹೀಗೆ. ಇನ್ನು ಇಲಿಗಳದ್ದು ಬೇರೆ ಕಥೆ. 1958ರಲ್ಲೇ ಸ್ಕಾಟ್ಲೆಂಡಿನಲ್ಲಿ ವಾರ್ಫರಿನ್ ತಿಂದೂ ಸಾಯದ ಇಲಿಗಳು ಕಂಡವು. ಇಂಥ ಹಲವು ಇಲಿಗಳಲ್ಲಿ ಬದಲಾಗಿರುವುದು ವಿಕೆಓಆರ್‌ನ 139ನೇ ಅಮೈನೋ ಆಮ್ಲ. 2020ರ ಚಿತ್ರದಲ್ಲಿ ಗೂಡಿನೊಳಗೆ ವಾರ್ಫರಿನ್ ಅನ್ನು ಹಿಡಿದುಕೊಂಡಿದ್ದ ಕೈಗಳಲ್ಲಿ ಒಂದು ಅದೇ. ನಮ್ಮ ಸೊಸೈಟಿಯ ಗೋದಾಮಿನಲ್ಲಿ ಈಗ ಇಡುವ ಬ್ರೊಮಾಡಿಯೊಲೋನ್ ಬಿಲ್ಲೆ, ಹಳೆಯದಕ್ಕೆ ಬಗ್ಗದ ಆ ಇಲಿಗಳಿಗೆಂದೇ ಬಂದ ಎರಡನೇ ತಲೆಮಾರಿನ ಪಾಷಾಣ.