ಕೇಪಳದ ಹೂವು, ಕಾಲಿಲ್ಲದ ಕಪ್ಪೆಯ ಬಂಧು

ಅರಳಸುರಳಿಯಂತಹ ಮಲೆನಾಡಿನ ಊರುಗಳಲ್ಲಿ ಕೇಪಳದ ಪೊದೆಯನ್ನು ಕಾಣದವರಿಲ್ಲ. ಅದರ ಕೆಂಪು ಗೊಂಚಲಿನ ಮಕರಂದ ಚಿಟ್ಟೆಗಳಿಗೆ. ಹಣ್ಣು ಹಕ್ಕಿಗಳಿಗೂ ಮಕ್ಕಳಿಗೂ. ಆದರೆ ಅದೇ ನೆಲದ ಒದ್ದೆ ಮಣ್ಣಿನೊಳಗೆ ಬದುಕುವ ಸಿಸಿಲಿಯನ್ ಅನ್ನು ಬಲ್ಲವರು ಕಡಿಮೆ. ಪಶ್ಚಿಮ ಘಟ್ಟದಲ್ಲಿ ಸಾಲಮಾಂಡರ್ ಇಲ್ಲ. ಅದರ ಮತ್ತು ಕಪ್ಪೆಯ ಈ ಕಾಲಿಲ್ಲದ ಬಂಧು ಇದೆ. ಮೈ ಎರೆಹುಳುವಿನಂತೆ ಕಂಡರೂ ಒಳಗೆ ಬೆನ್ನುಮೂಳೆಯಿದೆ. ಇಕ್ತಿಯೋಫಿಸ್ ಕುಲದ ತಾಯಿ ತನ್ನ ಮೊಟ್ಟೆಗಳನ್ನು ಸುತ್ತಿಕೊಂಡು ಕಾಯುತ್ತದೆ.

ಕೇಪಳವನ್ನು ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹಾವೆಂದು ಹೆದರಿ ಗುದ್ದಲಿಯಿಂದ ಕೊಚ್ಚಿದ ಸಿಸಿಲಿಯನ್ ಮತ್ತೆ ಬಾರದು. ಅದು ವಿಷದ ಹಾವಲ್ಲ, ನಮಗೆ ಅಪಾಯಕಾರಿಯೂ ಅಲ್ಲ. ತೇವದ ಚರ್ಮದಿಂದಲೂ ಉಸಿರಾಡುವ ಅದಕ್ಕೆ ತೋಟಕ್ಕೆ ಸುರಿಯುವ ವಿಷವೇ ಅಪಾಯ.

ಪ್ರಾಣಿಗಳನ್ನೂ ಸಮುದಾಯಗಳೆಂದೇ ಕುರ್‌ಆನ್ (6:38) ಪರಿಚಯಿಸುತ್ತದೆ. ಕಣ್ಣಿಗೆ ಚೆಂದ ಕಂಡದ್ದಕ್ಕೆ ಮಾತ್ರ ನಮ್ಮ ಕರುಣೆ ಮೀಸಲಾಗದಿರಲಿ. ಮಣ್ಣು ಅಗೆಯುವಾಗ ಅದು ಕಂಡರೆ, ಮತ್ತೆ ಒದ್ದೆ ಮಣ್ಣಿಗೇ ಬಿಟ್ಟುಬಿಡೋಣ.