ನಿಮಗಿದು ಗೊತ್ತೆ? ಹಿಡಿಯುವವರು ಕಡಿಮೆಯಾದರೆ ಅಂಕ ಹೆಚ್ಚು!

ಪ್ರೊ ಕಬಡ್ಡಿಯಲ್ಲಿ ಏಳು ಮಂದಿ ಸೇರಿ ದಾಳಿಗೆ ಬಂದ ರೈಡರ್‌ನನ್ನು ಹಿಡಿದರೆ ಒಂದೇ ಅಂಕ. ಅಂಕಣದಲ್ಲಿ ಮೂವರೋ ಇನ್ನೂ ಕಡಿಮೆಯೋ ಉಳಿದಾಗ ಹಿಡಿದರೆ ಎರಡು. ಇದೇ ಸೂಪರ್ ಟ್ಯಾಕಲ್. ಎದುರಾಳಿಗಳನ್ನು ಕಷ್ಟಪಟ್ಟು ಔಟ್ ಮಾಡಿದ ತಂಡಕ್ಕೆ ಇದು ಅನ್ಯಾಯವಲ್ಲವೆ? ಖಂಡಿತ ಅಲ್ಲ. ತೆರಕಣಾಂಬಿಯಂಥ ಹಳ್ಳಿಯ ಮಣ್ಣಿನಲ್ಲಾಗಲಿ, ಬೆಂಗಳೂರು ಬುಲ್ಸ್ ಆಡುವ ಮ್ಯಾಟ್ ಮೇಲಾಗಲಿ, ಏಳು ಮಂದಿ ಕೈ ಕೈ ಹಿಡಿದು ಎರಡೂ ಮೂಲೆಗಳಿಂದ ರೈಡರ್‌ನನ್ನು ಸುತ್ತುವರಿಯಬಹುದು. 10 ಮೀಟರ್ ಅಗಲದ ಅಂಕಣದಲ್ಲಿ ಮೂವರಿಗೆ ಅದು ಬಲು ಕಷ್ಟ. ಒಬ್ಬ ರೈಡರ್‌ನ ಕಾಲಿಗೆ ಕೈಹಾಕಿ ತಪ್ಪಿದರೆ ಹಿಂದೆ ಆಸರೆಯಿಲ್ಲ. ಅಷ್ಟು ಅಪಾಯಕ್ಕೆ ಹೆಚ್ಚಿನ ಅಂಕ ಸಲ್ಲಲೇಬೇಕು.